ತಪ್ಪು ಬಣ್ಣದ್ದಲ್ಲ

ನಾನು ರಾಮಲಿಂಗಯ್ಯ, ದೊಡ್ಡಬಳ್ಳಾಪುರದಲ್ಲಿ ನೂಲಿಗೆ ಬಣ್ಣ ಹಾಕುವವನು. ನನ್ನ ದಡ್ಡತನವನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ಉಪ್ಪುಖಾರ ಹಚ್ಚುತ್ತಾರೆ.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ನನ್ನ ಹೆಂಡತಿ ಅಂಜನಮ್ಮನಿಗೆ ಮೂತ್ರ ಕೆಂಪಾಗಿ ಬಂತು. ನೋವಿಲ್ಲ. ಎರಡು ದಿನಕ್ಕೆ ತಾನಾಗಿ ನಿಂತಿತು. ನಮ್ಮನೆಯಲ್ಲಿ ಬಣ್ಣದ ನೂಲು ಹಿಂಡುವವಳು ಅವಳೇ. "ಕೈ ಸರಿಯಾಗಿ ತೊಳೀದೆ ಉಂಡಿದೀಯ, ಅದೇ ಬಣ್ಣ ಇಳಿದಿರೋದು" ಎಂದು ಗದರಿ ಸುಮ್ಮನಾದೆ.

ತಿಂಗಳಾದ ಮೇಲೆ ಮತ್ತೆ ಬಂತು. ಈ ಸಲ ಗಟ್ಟಿ ಕೆಂಪು. ಅವಳು ಗೋಡೆ ಹಿಡಿದು ಕುಳಿತುಬಿಟ್ಟಳು. ಅಷ್ಟರಲ್ಲಿ ನಮ್ಮ ಬೀದಿಗೆ ನರ್ಸಮ್ಮ ಬನಶಂಕರಿ ಬಂದರು. ಅವರಿಗೂ ನನ್ನ ಬಣ್ಣದ ಕಥೆಯನ್ನೇ ಹೇಳಿದೆ.

"ರಾಮಲಿಂಗಯ್ಯನೋರೆ, ಈಗ ತೊಟ್ಟೀಲಿ ಯಾವ ಬಣ್ಣ ಇದೆ?"

"ಹಸಿರು ಕಣಮ್ಮ. ಒಂದು ತಿಂಗಳಿಂದ ಹಸಿರೇ."

"ಹಂಗಾದ್ರೆ ಇವ್ರಿಗೆ ಹಸಿರಾಗಿ ಬರ್ಬೇಕಿತ್ತಲ್ವಾ?"

ಅಂಜನಮ್ಮ ಆ ಸುಸ್ತಿನಲ್ಲೂ ನಕ್ಕಳು.

"ಇದು ರಕ್ತ. ಹಿಂದೆ ಆಪರೇಷನ್ ಏನಾದ್ರೂ ಆಗಿತ್ತಾ?"

"ಇವಳಿಗೆ ಗರ್ಭಕೋಶದ ಕ್ಯಾನ್ಸರಿಗೆ ಆಗಿತ್ತು, ಆಮೇಲೆ ಕರೆಂಟು, ಅದೇ ರೇಡಿಯೇಷನ್ನು, ಕೊಟ್ರು. ಆರು ವರ್ಷದ ಹಿಂದಿನ ಮಾತು ಬಿಡಮ್ಮ."

"ಬಿಡೋದಲ್ಲ, ಡಾಕ್ಟ್ರಿಗೆ ಮೊದ್ಲು ಅದನ್ನೇ ಹೇಳಿ. ಈಗ್ಲೇ ಹೊರಡಿ."

ಪಕ್ಕದ ಮನೆಯ ಪಿಳ್ಳಪ್ಪ ಕಾರು ತಂದ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ, ಹಳೆಯ ಚಿಕಿತ್ಸೆಯ ವಿಷಯ ಕೇಳಿದ್ದೇ ಡಾಕ್ಟರು ಕಾಲಿಗೆ ಹೋಗುವ ರಕ್ತನಾಳಕ್ಕೆ ಔಷಧಿ ಬಿಟ್ಟು ಎಕ್ಸರೇ ತೆಗೆದರು. ಔಷಧಿ ಸೋರುವ ಜಾಗ ಅದರಲ್ಲಿ ಕಂಡಿತು. ಮೂತ್ರಪಿಂಡದಿಂದ ಮೂತ್ರ ಇಳಿಯುವ ನಾಳಕ್ಕೆ ಹಳೆಯ ಚಿಕಿತ್ಸೆಯಿಂದಾಗಿ ಆ ರಕ್ತನಾಳ ಅಂಟಿಕೊಂಡು, ನಡುವೆ ತೂತು ಬಿದ್ದಿತ್ತು.

"ಇದು ತುಂಬಾ ಅಪರೂಪ. ಇನ್ನೊಂದು ಸಲ ಜೋರಾಗಿ ಹರಿದಿದ್ರೆ ಉಳೀತಿರ್ಲಿಲ್ಲ" ಎಂದರು.

ಅಂದೇ ಆಪರೇಷನ್ ಆಯಿತು. ತೂತು ಬಿದ್ದ ರಕ್ತನಾಳವನ್ನು ಕಟ್ಟಿ, ಮೂತ್ರನಾಳವನ್ನು ಸರಿಮಾಡಿ, ಕಾಲಿಗೆ ರಕ್ತ ಹೋಗಲು ಬೇರೆ ದಾರಿ ಮಾಡಿಕೊಟ್ಟರು.

ಅವಳು ನಡೆದುಕೊಂಡೇ ಮನೆಯೊಳಗೆ ಬಂದ ದಿನ ಬೀದಿಗೆಲ್ಲ ಒಬ್ಬಟ್ಟು ಹಂಚಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

"ನಿಂಗೊಂದು ಸೀರೆ ನೇಯಿಸ್ತೀನಿ. ಯಾವ ಬಣ್ಣ ಹೇಳು."

"ಹಸಿರು ಕಣ್ರೀ. ನನ್ನ ಉಳಿಸಿದ್ದು ಅದೇ ತಾನೆ? ಎರಡು ನೇಯಿಸಿ, ಒಂದು ನರ್ಸಮ್ಮಂಗೆ."

ಅಕ್ಕಂದಿರೇ, ಅಣ್ಣಂದಿರೇ, ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡರೂ, ನೋವಿಲ್ಲದಿದ್ದರೂ, ತಾನಾಗಿ ನಿಂತರೂ ಆಸ್ಪತ್ರೆಗೆ ಹೋಗಿ. ಹಳೆಯ ಆಪರೇಷನ್ನು, ಕರೆಂಟು ಚಿಕಿತ್ಸೆ ಎಷ್ಟು ವರ್ಷದ್ದಾದರೂ ಡಾಕ್ಟರಿಗೆ ಹೇಳಿ. ನಾನು ಸುಮ್ಮನೆ ಕಳೆದ ಆ ಒಂದು ತಿಂಗಳನ್ನು ನೀವು ಕಳೆಯಬೇಡಿ.