ರತ್ನಕ್ಕ ಹೇಳುತ್ತಿದ್ದ ವಾಸಣ್ಣ

ರತ್ನಾವತಿಯವರ ಶವದ ಹಣೆಗೆ ಕುಂಕುಮ ಇಡಲು ಬಗ್ಗಿದ ವಾರಿಜಾಳನ್ನು ಮುಂಡಪ್ಪ ತಡೆದರು.

“ಗಂಡನನ್ನು ಬಿಟ್ಟು ಬಂದವಳಿಗೆ ಅದೆಲ್ಲ ಎಂತಕ್ಕೆ?”

“ನಿಮ್ಮ ತಂಗಿ ದಿನಾ ಇಡ್ತಿದ್ದರು, ಅಣ್ಣಾ. ಎದುರು ಮನೆಯವಳು ನಾನು, ನೋಡಿದ್ದೇನೆ,” ಎಂದ ವಾರಿಜಾ ಇಟ್ಟೇಬಿಟ್ಟಳು.

ಆಗಲೇ ಬಾಗಿಲಲ್ಲಿ ಅದೇ ಗಂಡ, ವಾಸು, ಕಾಣಿಸಿಕೊಂಡರು. ಡೊಂಬಿವಲಿಯಿಂದ ಈ ಕಾಮೋಠೆಯ ಮನೆಗೆ ಒಂಬತ್ತು ವರ್ಷಗಳಲ್ಲಿ ಇದೇ ಮೊದಲ ಸಲ ಬಂದದ್ದು. ಚಪ್ಪಲಿ ಬಿಚ್ಚಿ, ಒಳಗೆ ಕಾಲಿಡಬಹುದೋ ಬಾರದೋ ತಿಳಿಯದೆ ನಿಂತರು.

“ನಿಮ್ಮನ್ನು ಯಾರು ಕರೆದದ್ದು, ಭಾವ?” ಎಂದರು ಮುಂಡಪ್ಪ.

“ಮೈನೇ ಬುಲಾಯಾ, ಮಾಮಾ,” ಎಂದಳು ಮಗಳು ಸೋನಾಲಿ. “ಪಪ್ಪಾ, ಒಳಗೆ ಬನ್ನಿ.”

*

2007ರ ಆ ಬೆಳಿಗ್ಗೆ ಡೊಂಬಿವಲಿಯ ಮನೆಯಲ್ಲಿ ರತ್ನಾವತಿ ಬ್ಯಾಗು ತುಂಬುತ್ತಿದ್ದರು. ಜಗಳವೇನೂ ಆಗಿರಲಿಲ್ಲ. ಜಗಳವಾಡಲೂ ಮಾತು ಬೇಕಲ್ಲ.

“ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ ಆಯ್ತು. ನನ್ನ ಹತ್ರ ಕೂತು ಒಂದು ಸಲ ನಗಾಡಿದ್ದು ನೆನಪುಂಟಾ ನಿಮಗೆ?”

ಹೋಟೆಲಿಗೆ ಹೊರಟಿದ್ದ ವಾಸು ಪ್ರಾಮಾಣಿಕವಾಗಿ ಯೋಚಿಸಿದರು. “ಗಿರಾಕಿಗಳ ಹತ್ರ ನಗಾಡ್ತೇನಲ್ಲ.”

ರತ್ನಾವತಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಬ್ಯಾಗು ಎತ್ತಿಕೊಂಡು ಹೊರಟುಹೋದರು. ಕಾಮೋಠೆಯ ಬಾಲವಾಡಿಯೊಂದರಲ್ಲಿ ಮಕ್ಕಳಿಗೆ ಕತೆ ಹೇಳುವ ಕೆಲಸ ಹಿಡಿದರು.

*

ವಾಸು ಹೆಂಡತಿಯ ಪಕ್ಕ ಕುಳಿತರು. ಸೇರಿದ್ದ ನೆರೆಮನೆಯ ಹೆಂಗಸರೆಲ್ಲ ತನ್ನನ್ನೇ ನೋಡುತ್ತಿದ್ದಾರೆ. ಇವರಿಗೆ ಅವಳು ಏನೆಲ್ಲ ಹೇಳಿಟ್ಟಿದ್ದಾಳೋ ಎಂದು ತಲೆ ತಗ್ಗಿಸಿದರು. ಸೋನಾಲಿ ಕೊಟ್ಟ ಚಹಾವನ್ನು ಒಂದು ಗುಟುಕು ಕುಡಿದು, ಅಭ್ಯಾಸದಂತೆ, “ಹ್ಞಾಂ... ಅಡ್ಡಿಯಿಲ್ಲ,” ಎಂದರು.

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಸೆರಗು ಬಾಯಿಗೆ ಒತ್ತಿಕೊಂಡರು.

“ತಪ್ಪು ತಿಳ್ಕೊಳ್ಬೇಡಿ, ವಾಸಣ್ಣ,” ಎಂದಳು ವಾರಿಜಾ, ಕಣ್ಣೊರೆಸುತ್ತ. “ರತ್ನಕ್ಕ ನಿಮ್ಮ ಆ್ಯಕ್ಟಿಂಗ್ ಮಾಡ್ತಿದ್ದರು. ಚಾ ಕುಡಿದರೂ ಅಡ್ಡಿಯಿಲ್ಲ, ಮಗಳು ಹುಟ್ಟಿದರೂ ಅಡ್ಡಿಯಿಲ್ಲ!”

“ಬೈತಿರಲಿಲ್ಲವಾ?”

“ಒಂದು ದಿನವೂ ಇಲ್ಲ. ಮಾಡಿ ತೋರಿಸಿ ಅವರೇ ಮೊದಲು ನಗ್ತಿದ್ದರು.”

“ಹೇಗೆ ಮಾಡ್ತಿದ್ದಳು? ಸ್ವಲ್ಪ ತೋರಿಸಿ.”

ವಾರಿಜಾ ಭುಜ ಕುಗ್ಗಿಸಿ, ಇಲ್ಲದ ಕನ್ನಡಕ ಸರಿಪಡಿಸಿ, ಇಲ್ಲದ ಶಿಶುವನ್ನು ಗಂಭೀರವಾಗಿ ದಿಟ್ಟಿಸಿದಳು. “ಹ್ಞಾಂ... ಅಡ್ಡಿಯಿಲ್ಲ.”

ವಾಸು ನಕ್ಕರು. ನಗುತ್ತ ನಗುತ್ತ ಚಾಪೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. ಗದರಲೆಂದು ಬಾಯಿ ತೆರೆದ ಮುಂಡಪ್ಪ ಮುಖ ತಿರುಗಿಸಿ ಮೀಸೆಯಡಿಯಲ್ಲೇ ನಕ್ಕರು.

ಶವದ ಗಾಡಿ ಬಂತು. ಸ್ಮಶಾನಕ್ಕೆ ಹೆಂಗಸರು ಬೇಡವೆಂದು ಮುಂಡಪ್ಪ ಹೇಳಿದರೂ ಯಾರೂ ಕೇಳಲಿಲ್ಲ. ಗಾಡಿ ಭರ್ತಿಯಾಗಿ ವಾಸು ಕೆಳಗೇ ಉಳಿದಾಗ ವಾರಿಜಾ ಸ್ಕೂಟರ್ ಚಾಲೂ ಮಾಡಿದಳು. “ಹತ್ತಿ, ವಾಸಣ್ಣ.”

ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಸೋನಾಲಿ ಹಿಂದಿನ ಕಿಟಕಿಯಿಂದ ನೋಡಿದಳು. ಹೆಂಗಸರ ಐದು ಸ್ಕೂಟರುಗಳ ನಡುವೆ, ವಾರಿಜಾಳ ಹಿಂದೆ ಕೂತ ಪಪ್ಪ ಸೊಂಟಕ್ಕೆ ಸೆರಗು ಸಿಕ್ಕಿಸಿದಂತೆ ಮಾಡಿ, ಕುತ್ತಿಗೆ ಓರೆಯಾಗಿಸಿ, ಥೇಟ್ ಅಮ್ಮನ ಹಾಗೆಯೇ ಬೆರಳಾಡಿಸುತ್ತ ಏನೋ ಹೇಳುತ್ತಿದ್ದರು. ಸಿಗ್ನಲ್ ಹಸಿರಾದರೂ ಹೆಂಗಸರು ಹ್ಯಾಂಡಲ್ ಮೇಲೆ ಬಗ್ಗಿ ನಗುತ್ತಲೇ ಇದ್ದರು.