ಒಂದು ಫೋಟೊ ಕಳ್ಸು

ಬೇಕರಿಯ ವ್ಯಾನ್ ಓಡಿಸುತ್ತಿದ್ದವನನ್ನು ಅಲ್ಲಿಯವರೆಲ್ಲ ರೇಡಿಯೊ ಎಂದೇ ಕರೆಯುತ್ತಿದ್ದರು. ಬಾಯಿಗೆ ಬಿಡುವಿರಲಿಲ್ಲ. ಬ್ರೆಡ್ಡಿನ ಟ್ರೇ ಇಳಿಸುವಾಗಲೂ ಮಾತು, ಗೇರ್ ಬದಲಿಸುವಾಗಲೂ ಮಾತು. ಫೋನು ಒಂದು ಸಲ ಹೊಡೆದುಕೊಂಡರೆ ಸಾಕು, ಎತ್ತಿಬಿಡುತ್ತಿದ್ದ. ಯಾರಾದರೂ ಬೈದರೆ, "ಕಣ್ಣು ಕಟ್ಟಿ ಬಿಟ್ರೂ ಓಡಿಸ್ತೀನಿ ಬಿಡ್ರಿ" ಎಂದು ನಗುತ್ತಿದ್ದ.

ಅಂದು ಬೆಳಿಗ್ಗೆ ಅವನ ಮನೆಯ ಸಿಂಕಿನಡಿ ನೀರು ಸೋರಿ ಅಡುಗೆಮನೆಯೆಲ್ಲ ಒದ್ದೆಯಾಗಿತ್ತು. ಪ್ಲಂಬರ್ ಅಂಗಾತ ಮಲಗಿ ಒಳಗೆ ಇಣುಕಿ, "ಅಕ್ಕಾ, ತೇಪೆ ಹಾಕಿದ್ರೆ ನಿಲ್ಲಲ್ಲ. ಇಡೀ ಪೈಪೇ ತೆಗೀಬೇಕು. ಯಜಮಾನ್ರನ್ನ ಒಂದ್ಮಾತು ಕೇಳ್ಬಿಡಿ" ಎಂದ. ಹೆಂಡತಿ ಗಂಡನಿಗೆ ಫೋನು ಮಾಡಿ ಸ್ಪೀಕರ್ ಹಾಕಿದಳು.

"ಗಾಡಿ ಓಡಿಸ್ತಿದ್ದೀರಾ? ಆಮೇಲೆ ಮಾಡ್ಲಾ?"

"ಅಯ್ಯೋ, ಹೇಳೇ. ರಸ್ತೆ ಖಾಲಿ ಹೊಡೀತಿದೆ."

ಅವಳು ಹೇಳಿದಳು.

"ಯಾವ ಪೈಪು? ಒಂದು ಫೋಟೊ ಕಳ್ಸು."

ಕಳಿಸಿದಳು.

"ಎಲ್ಲಿ... ಹಾಂ, ಬಂತು. ಇದಾ..."

ಧಡ್ ಎಂಬ ಸದ್ದು. ಆಮೇಲೆ ಬ್ರೇಕು ಕಿರುಚಿತು, ಟ್ರೇಗಳು ಉರುಳಿದವು. ದೂರದಲ್ಲಿ ಯಾರೋ ಹುಡುಗಿ "ಅಪ್ಪಾ, ಅಪ್ಪಾ" ಎಂದು ಕೂಗುತ್ತಲೇ ಇದ್ದಳು. ಪ್ಲಂಬರ್ ಸ್ಪ್ಯಾನರ್ ಕೆಳಗಿಟ್ಟು ಎದ್ದು ಕೂತ.

ಸತ್ತವರು ಒಬ್ಬ ಬಡಗಿ. ಮಗಳ ಜೊತೆ ರಸ್ತೆ ದಾಟುತ್ತಿದ್ದರು. ಮಗಳ ಬಲಗೈ ಚಕ್ರದಡಿ ಸಿಕ್ಕಿತ್ತು.

ಕೇಸು ಕೋರ್ಟಿಗೆ ಬರುವ ಮುಂಚೆ ಮೈದುನ ಅಡುಗೆಮನೆಗೆ ಬಂದು ನಿಂತ. "ಅತ್ತಿಗೆ, ಅಣ್ಣ ಫೋಟೊ ನೋಡ್ಲಿಲ್ಲ, ಮನೆಗೆ ಬಂದು ನೋಡ್ತೀನಿ ಅಂದ ಅಂತ ಹೇಳ್ಬಿಡಿ. ಅಷ್ಟೇ ಸಾಕು."

"ಪ್ಲಂಬರ್ ಕೇಳಿಸಿಕೊಂಡಿದ್ದಾನೆ."

"ಅವನನ್ನ ಮಾತಾಡಿಸಿದ್ದಾಯ್ತು. ನೀವು ಹೇಳ್ದಂಗೆ ಅವನೂ ಹೇಳ್ತಾನೆ."

ಒಳಗಿನಿಂದ ಅತ್ತೆ ಅಂದರು: "ಕಟ್ಟಿಕೊಂಡವನನ್ನ ನೀನೇ ಜೈಲಿಗೆ ತಳ್ತೀಯಾ?"

ಅವಳು ಆಯಿತು ಎಂದೇ ತಲೆಯಾಡಿಸಿದಳು. ಹಾಗೇ ಹೇಳಬೇಕೆಂದುಕೊಂಡೇ ಕಟಕಟೆ ಹತ್ತಿದಳು. ಎದುರಿನ ಬೆಂಚಿನಲ್ಲಿ ಬಡಗಿಯ ಮಗಳು ಎಡಗೈಯಿಂದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಒದ್ದಾಡುತ್ತಿದ್ದಳು. ತೆರೆಯಲಾಗದೆ ಪಕ್ಕಕ್ಕಿಟ್ಟಳು.

"ನಿಮ್ಮ ಗಂಡ ಆಗ ಏನು ಮಾಡ್ತಿದ್ರು?" ಎಂದು ವಕೀಲರು ಕೇಳಿದರು.

"ಫೋಟೊ ನೋಡ್ತಿದ್ರು," ಎಂದಳು. "ಕಳ್ಸಿದ್ದು ನಾನೇ."

ಅವನಿಗೆ ಶಿಕ್ಷೆಯಾಯಿತು. ಅತ್ತೆ ಅವಳ ಕೈಯಿಂದ ಒಂದು ಲೋಟ ನೀರನ್ನೂ ತೆಗೆದುಕೊಳ್ಳದಾದರು. ಬೇಕರಿಯ ಮಾಲೀಕರು ವ್ಯಾನಿನ ಕೀಲಿಗಳ ಪಕ್ಕ ಒಂದು ಡಬ್ಬಿಯಿಟ್ಟರು. ಫೋನು ಅದಕ್ಕೆ ಬೀಳದೆ ಕೀಲಿ ಕೈಗೆ ಬರುವುದಿಲ್ಲ. ಆ ವ್ಯಾನನ್ನು ಈಗ ಓಡಿಸುವವನು ಮೈದುನನೇ. ಅತ್ತಿಗೆಯ ಜೊತೆ ಮಾತು ಬಿಟ್ಟಿದ್ದಾನೆ, ಆದರೆ ಫೋನನ್ನು ಯಾರೂ ಹೇಳದೆ ಡಬ್ಬಿಗೆ ಹಾಕಿ ಹೊರಡುತ್ತಾನೆ.

ಅವಳು ಜೈಲಿಗೆ ನೋಡಲು ಹೋದ ಮೊದಲೆರಡು ಸಲ ಗಂಡ ಭೇಟಿಗೆ ಬರಲಿಲ್ಲ. ಮೂರನೆಯ ಸಲ ಬಂದ. ಜಾಲರಿಯ ಆಚೆ ಕೂತು ಕೇಳಿದ.

"ಆ ಹುಡುಗಿ ಕೈ?"

"ಬೆರಳು ಮಡಚೋಕೆ ಬರಲ್ವಂತೆ. ಅವಳೂ ಅಪ್ಪನ ಜೊತೆ ಮರಗೆಲಸ ಮಾಡ್ತಿದ್ದಳಂತೆ."

ಅವನು ಹಣೆಯನ್ನು ಜಾಲರಿಗೆ ಒತ್ತಿಕೊಂಡ. ಕಾವಲಿನವನು ಹೊತ್ತಾಯಿತೆಂದು ಕೂಗುವವರೆಗೂ ಇಬ್ಬರೂ ಹಾಗೇ ಕೂತಿದ್ದರು.