ಗೋಡೆಯ ಕೆಳಗಿನವಳು

ಸುವಾಲ್ಕಿ ಪಟ್ಟಣದಲ್ಲಿ ಹುಟ್ಟಿ ಬೆಳೆದವರಿಗೆ ಚಳಿಯೆಂದರೆ ಕರೆಯದೆ ಬರುವ ನೆಂಟ. ಬರುತ್ತಾನೆ, ಕೂರುತ್ತಾನೆ, ಬೈಸಿಕೊಂಡು ಹೋಗುತ್ತಾನೆ. ಅವನನ್ನು ಹುಡುಕಿಕೊಂಡು ಹೋಗಿ, ಮೇಲೆ ದುಡ್ಡನ್ನೂ ಕೊಟ್ಟು, ಹಿಮದಲ್ಲಿ ತೆವಳಿ, ಗೋಡೆ ಹತ್ತಿಳಿದು, ಗೆದ್ದೆವೆಂದು ಫೋಟೊ ಹಿಡಿಸಿಕೊಳ್ಳುವ ಜನ ಹುಟ್ಟಿಕೊಂಡದ್ದು ಈಚೆಗೆ. ಬ್ಯೂಟಿ ಪಾರ್ಲರಿನ ಕೊರ್ನೆಲಿಯಾ ಅಂಥವರಲ್ಲಿ ಮೊದಲಿಗಳು.

ಬೇಕರಿಯಲ್ಲಿ ಹಿಟ್ಟು ನಾದುವ ಯದ್ವಿಗಾ ಹಿಮದ ಓಟದ ಸ್ಪರ್ಧೆಗೆಂದು ಅವಳು ಕಟ್ಟಿದ ತಂಡಕ್ಕೆ ಸೇರಿದ್ದು ಒಂದೇ ಒಂದು ಮಾತಿಗೆ. ಹೆಪ್ಪುಗಟ್ಟಿದ ಸರೋವರದಲ್ಲಿ ಕೊರೆದ ಹೊಂಡದಲ್ಲಿ ರೂಢಿಯಂತೆ ಮುಳುಗೆದ್ದು ಅವಳು ಮೈ ಒರೆಸಿಕೊಳ್ಳುತ್ತಿದ್ದಾಗ ಕೊರ್ನೆಲಿಯಾ ಬಂದು, ಮುದ್ದಿನ ಹೆಸರು ಹಿಡಿದು, "ಯಾಜ್ಯಾ, ನೀನಿಲ್ದೆ ನಮ್ಗಾಗಲ್ಲ ಕಣೇ" ಅಂದಿದ್ದಳು. ಐವತ್ತು ದಾಟಿದ ಯದ್ವಿಗಾಳನ್ನು ಜನ ಕರೆಯುತ್ತಿದ್ದುದೆಲ್ಲ ಏನನ್ನಾದರೂ ಎತ್ತುವುದಕ್ಕೆ: ಹಿಟ್ಟಿನ ಮೂಟೆ, ಹಾಸಿಗೆ ಹಿಡಿದ ಅತ್ತೆ, ಕುಡಿದು ಬಿದ್ದ ಗಂಡ. ನೀನಿಲ್ಲದೆ ಆಗದು ಎಂದು ಯಾರೂ ಅಂದಿರಲಿಲ್ಲ. ಆ ಮಾತನ್ನು ಬಿಸಿ ಬ್ರೆಡ್ಡಿನಂತೆ ಎದೆಗವುಚಿಕೊಂಡು ಮನೆಗೆ ಹೋಗಿದ್ದಳು. ಈಗ ನೆನೆದರೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಏಕೆಂದರೆ ಅಭ್ಯಾಸಕ್ಕೆಂದು ನಿಲ್ಲಿಸಿದ್ದ ಮರದ ಗೋಡೆಯ ಬುಡದಲ್ಲಿ ಇಲ್ಲೂ ಅವಳು ಎತ್ತುವವಳೇ. ಔಷಧಿ ಅಂಗಡಿಯ ಇಲೋನಾ, ಅವಳ ನಾದಿನಿ ದಗ್ಮಾರಾ, ಕೊನೆಗೆ ಕೊರ್ನೆಲಿಯಾ, ಒಬ್ಬೊಬ್ಬರಾಗಿ ಅವಳ ಹೆಗಲು ತುಳಿದು ಹತ್ತುತ್ತಿದ್ದರು. ಹತ್ತಿ, ರೆಪ್ಪೆಯ ಮೇಲೆ ಕೂತ ಹಿಮ ಕಾಣುವಂತೆ ಫೋಟೊ ತೆಗೆದುಕೊಂಡು ಆಚೆಗೆ ಜಿಗಿಯುತ್ತಿದ್ದರು. ಯದ್ವಿಗಾ ಗೋಡೆಯನ್ನು ಬಳಸಿಕೊಂಡು ನಡೆದು ಅವರನ್ನು ಕೂಡಿಕೊಳ್ಳುತ್ತಿದ್ದಳು.

"ಸ್ಪರ್ಧೆ ದಿನ ನನ್ನ ಯಾರೇ ಎಳ್ಕೊಳ್ಳೋದು?" ಕೊನೆಯ ಅಭ್ಯಾಸದ ದಿನ ಅವಳು ಕೇಳಿಯೇಬಿಟ್ಟಳು.

ಗೋಡೆಯ ಮೇಲಿದ್ದ ಕೊರ್ನೆಲಿಯಾ ಜೇನಿನಂತೆ ನಕ್ಕಳು. "ನೀನು ಹತ್ತೋದೇ ಬೇಡ ಚಿನ್ನ. ಹತ್ತದೆ ಇದ್ದೋರು ಐಸ್ ನೀರಲ್ಲಿ ಎದೆಮಟ್ಟ ನಡ್ಕೊಂಡು ಬಂದ್ರೆ ಆಯ್ತು, ನಿಯಮದಲ್ಲೇ ಇದೆ. ನಿಂಗೆ ಹೇಗೂ ತಣ್ಣೀರು ಇಷ್ಟ ಅಲ್ವಾ?"

"ಇದು ಯಾವತ್ತು ತೀರ್ಮಾನ ಆಗಿದ್ದು?"

ದಗ್ಮಾರಾ ಕೈಗವಸು ಸರಿಪಡಿಸಿಕೊಳ್ಳತೊಡಗಿದಳು. ಇಲೋನಾ ಬೇರೆಲ್ಲೋ ನೋಡಿದಳು. ಅಂದರೆ ಎಲ್ಲರಿಗೂ ಗೊತ್ತಿತ್ತು. ಏರಿದ ಮೇಲೆ ಏಣಿ ಒದೆಯುವವರನ್ನು ಯದ್ವಿಗಾ ಕಂಡಿದ್ದಳು. ಏರುವ ಮೊದಲೇ ಏಣಿಯನ್ನು ನೀರಿಗೆ ಹಾಕುವ ಲೆಕ್ಕ ಹಾಕಿದವರು ಇವರೇ ಮೊದಲು.

"ಇಳೀರಿ," ಅಂದಳು. "ಮೂವರೂ ಇಳೀರಿ. ಇಲೋನಾ, ದಗ್ಮಾರಾ ಮೊದ್ಲು ಹತ್ಲಿ. ಆಮೇಲೆ ನಾನು. ಕೊರ್ನೆಲಿಯಾ ಕೆಳಗೆ ನಿಂತು ಹೆಗಲು ಕೊಡ್ಲಿ."

"ನಾನಾ?" ಬಿಳಿ ಜಾಕೆಟಿನ ಕೊರ್ನೆಲಿಯಾ ಇಳಿಯುತ್ತಲೇ ಚೀರಿದಳು. "ನಿನ್ನ ಎತ್ತೋಕೆ ಕ್ರೇನ್ ತರಿಸ್ಬೇಕು ಕಣೇ!"

"ತರಿಸು. ನಿಯಮದಲ್ಲಿ ಇದ್ಯಾ ನೋಡ್ಕೊ."

ದಗ್ಮಾರಾ ಕಿಸಕ್ಕನೆ ನಕ್ಕು, ಕೆಮ್ಮಿದ ಹಾಗೆ ಮಾಡಿದಳು. ಅವಳೂ ಇಲೋನಾಳೂ ಯದ್ವಿಗಾಳ ಹೆಗಲಿನಿಂದಲೇ ಹತ್ತಿ ಮೇಲಿನಿಂದ ಕೈ ಚಾಚಿದರು. ಕೊರ್ನೆಲಿಯಾ ಗೋಡೆಗೆ ಆತು, ಕೊಡೆಯಂತೆ ಮಡಚಿಕೊಂಡು ನಿಂತಳು. ಯದ್ವಿಗಾ ಬೂಟುಗಾಲನ್ನು ಆ ಬಿಳಿ ಹೆಗಲ ಮೇಲೆ ಊರಿದಳು. ಕೆಳಗೆ ದೇವಮಾತೆ ಮರಿಯಾಳ ಹೆಸರು ಕೇಳಿಸಿತು, ಆಮೇಲೆ ಪ್ರಾರ್ಥನೆಯಲ್ಲಿ ಇಲ್ಲದ ಮಾತುಗಳೂ ಕೇಳಿಸಿದವು. ಮೇಲಿನವರು ಎಳೆದರು. ಹಲಗೆಗೆ ಹೊಟ್ಟೆ ಉಜ್ಜಿ ತರಚಿತು, ಸ್ವೆಟರಿನ ಗುಂಡಿ ಹಾರಿತು. ಕೊನೆಗೆ ಒದ್ದೆ ಮೂಟೆಯಂತೆ ಅವಳು ಗೋಡೆಯ ಮೇಲೆ ಬಿದ್ದಳು.

ಎದ್ದು ಕೂತು ನೋಡಿದರೆ ಆಚೆಗೆ ಕಂಡದ್ದು ಕಾರು ನಿಲ್ಲಿಸುವ ಜಾಗ, ಒಂದು ಕಸದ ತೊಟ್ಟಿ. ಇಷ್ಟಕ್ಕೇ ಇವರು ವಾರಗಟ್ಟಲೆ ತನ್ನ ಹೆಗಲು ಸವೆಸಿದ್ದು! ಅವಳು ಬಗ್ಗಿ, ಕೊರ್ನೆಲಿಯಾಳ ಎರಡೂ ಮುಂಗೈ ಹಿಡಿದು, ಒಲೆಯಿಂದ ತಟ್ಟೆ ಎಳೆಯುವಂತೆ ಅವಳನ್ನು ಮೇಲಕ್ಕೆ ಎಳೆದುಕೊಂಡಳು.

ಕೊರ್ನೆಲಿಯಾ ಹೆಗಲು ತಿಕ್ಕಿಕೊಂಡು ಅಳುಮೋರೆ ಮಾಡಿದಳು. "ನಾಳೆ ಎಲ್ರೆದುರಿಗೆ ನಾನಿದನ್ನ ಮಾಡಲ್ಲ."

"ಹಾಗಾದ್ರೆ ನಾಳೆ ನಾನೂ ಇಲ್ಲ."

ಇಲೋನಾ, "ಅವಳಿಲ್ದಿದ್ರೆ ನಮ್ಮಿಬ್ರನ್ನ ಹತ್ತಿಸೋದು ಯಾರು, ನೀನಾ?" ಎಂದು ಕೊರ್ನೆಲಿಯಾಳನ್ನು ಕೇಳಿದಳು.

ಕೊರ್ನೆಲಿಯಾ ತನ್ನ ಬಿಳಿ ಹೆಗಲ ಮೇಲಿನ ಕೆಸರು ಬೂಟಿನ ಗುರುತನ್ನು ಉಜ್ಜಿ ನೋಡಿದಳು.

"ನಾಳೆ ಬೂಟು ಒರೆಸ್ಕೊಂಡಾದ್ರೂ ಹತ್ತು," ಅಂದಳು.

ಒರೆಸಬಾರದೆಂದು ಯದ್ವಿಗಾ ಅಲ್ಲೇ, ಗೋಡೆಯ ಮೇಲೆ ಕೂತಲ್ಲೇ, ನಿರ್ಧರಿಸಿದಳು.